ರಾತ್ರಿ ಗಲಾಟೆ: ಪ್ರಧಾನಿಗೆ ಪತ್ರ, ಸಹಿ ಹಾಕೋರು ಹೆಸರು ಕೊಡಿ

ಕಾರ್ನರ್ ಮನೆ ಮಹಡಿ: ನಿನ್ನೆ ಟ್ರಾನ್ಸ್‌ಫಾರ್ಮರ್ ಹತ್ರ ಆ ಮಣಿಪುರದ ಹುಡುಗನಿಗೆ ಬಡೀತಿದ್ದಾಗ ಯಾವ್ಯಾವ ಮನೆ ಲೈಟ್ ಆಫ್ ಆಯ್ತು ಅಂತ ನೋಡಿದೀನಿ. "ಚೈನಾಗೆ ಹೋಗೋ" ಅಂತ ಕೂಗ್ತಿದ್ರು. ತಲೆಗೆ ಹೊಲಿಗೆ ಬಿದ್ದಿದೆ. ಠಾಣೆಯಲ್ಲಿ "ಕುಡುಕರ ಜಗಳ" ಅಂತ ಬರ್ಕೊಂಡು ಕಳಿಸಿದ್ರು. ಸಾಕು. ಪ್ರಧಾನಿಗೇ ಬರೆಯೋಣ, ಬಾಯಿಬಿಟ್ಟು ಖಂಡಿಸಿ ಅಂತ.

ಖಜಾಂಚಿ: ಅವರಿಗೆ ಬೇರೆ ಕೆಲಸ ಇಲ್ವಾ? ಮೊದಲು ಯಾವ ಬಾಡಿಗೆದಾರರು ಆಧಾರ್ ಕೊಟ್ಟಿಲ್ಲ, ಅದು ಹೇಳಿ.

ಕಾರ್ನರ್ ಮನೆ ಮಹಡಿ: ಹೊಡೆದವರು ಬಾಡಿಗೆದಾರರಲ್ಲ ಸಾರ್. ಯಾರ ಮನೆಯವರು ಅಂತ ಎಲ್ಲರಿಗೂ ಗೊತ್ತು.

ಖಜಾಂಚಿ: ಸಾಕ್ಷಿ ಇದೆಯಾ?? ಕ್ಯಾಮೆರಾಗೆ ದುಡ್ಡು ಕೇಳಿದಾಗ ಯಾರು ಕೊಡಲಿಲ್ಲ??

ಮೇಷ್ಟ್ರು: ಪತ್ರದಲ್ಲಿ ಏನು ಬೇಕು ಅಂತ ಕೇಳಿ. 2014ರಲ್ಲಿ ದೆಹಲಿಯ ಲಜಪತ್ ನಗರದಲ್ಲಿ ಹೊಡೆತ ತಿಂದ ಅರುಣಾಚಲದ ವಿದ್ಯಾರ್ಥಿ ತೀರಿಕೊಂಡ. ಆಮೇಲೆ ಈಶಾನ್ಯದವರ ಸಮಸ್ಯೆ ನೋಡೋಕೆ ಕೇಂದ್ರ ಬೆಜಬರುವಾ ಸಮಿತಿ ಮಾಡ್ತು. ಜನಾಂಗೀಯ ನಿಂದನೆ, ಹಲ್ಲೆಗೆ ಐಪಿಸಿಯಲ್ಲಿ 153ಸಿ, 509ಎ ಅಂತ ಹೊಸ ಕಲಂ ಸೇರಿಸಿ ಅಂತ ಸಮಿತಿ ಹೇಳ್ತು. ಸೇರಲೇ ಇಲ್ಲ. 2024ರಲ್ಲಿ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂತು. ಕನಿಷ್ಠ ಐದು ಜನ ಸೇರಿ ಜನಾಂಗದ ಕಾರಣಕ್ಕೆ ಕೊಂದರೆ, ತೀವ್ರ ಗಾಯ ಮಾಡಿದರೆ ಕಲಂ ಇದೆ. ಮೂವರು ಹೊಡೆದರೆ ಮಾಮೂಲಿ ಹೊಡೆದಾಟವೇ. ಮೇಲಿನವರು ಮಾತಾಡಿದರೆ ಠಾಣೆಯಲ್ಲಿ ಬರೆಯೋ ರೀತಿನಾದ್ರೂ ಬದಲಾದೀತು.

ಹಿಂದಿನ ರಸ್ತೆ: 🌹 ಶುಭೋದಯ 🌹 ನಗುನಗುತಾ ಇರಿ. ಹತ್ತು ಜನಕ್ಕೆ ಕಳಿಸಿ.

ಗೇಟ್ ಪಕ್ಕದ ಮನೆ: 2012 ನೆನಪಿದೆಯಾ? ದಾಳಿ ಆಗುತ್ತೆ ಅನ್ನೋ ವದಂತಿಗೆ ಹೆದರಿ ಬೆಂಗಳೂರಿಂದ ಈಶಾನ್ಯದ ಅಷ್ಟೊಂದು ಜನ ಗುವಾಹಟಿ ರೈಲು ಹತ್ತಿದ್ರು. ಆಗ ಮನಮೋಹನ್ ಸಿಂಗ್ ಸಂಸತ್ತಲ್ಲಿ ಮಾತಾಡಿದ್ರು. ವದಂತಿ ಹರಡಬಾರದು ಅಂತ ಸ್ವಲ್ಪ ದಿನ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತಾನೂ ಮಾಡಿದ್ರು.

ಖಜಾಂಚಿ: ನೋಡಿ, ರಾಜಕೀಯ ಬಂತು. ಗುಂಪಿನ ನಿಯಮ ಓದಿ.

ಬೇಕರಿ ಮೇಲಿನ ಮನೆ: ಇಲ್ಲೂ ದಿನಕ್ಕೆ ಐದೇ ಮಾಡಿ. ಖಜಾಂಚಿ ಸಾರ್ ಕೋಟಾ ಕಾಫಿಗೆ ಮುಂಚೆನೇ ಮುಗಿಯುತ್ತೆ.

ಖಜಾಂಚಿ: ತಮಾಷೆ ಮಾಡೋರು ಮೊದಲು ಮೇಂಟೆನೆನ್ಸ್ ಬಾಕಿ ಕಟ್ಟಲಿ. ನಿಜವಾದ ಸಮಸ್ಯೆ ಕತ್ತಲೆ. ಆ ಕಂಬದಲ್ಲಿ ದೀಪ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ.

ಹಿಂದಿನ ರಸ್ತೆ: ನಮ್ಮ ಕಡೆದೂ ಮಳೆಗಾಲದಿಂದ ಉರೀತಿಲ್ಲ.

ಗೇಟ್ ಪಕ್ಕದ ಮನೆ: ನಮ್ಮದೂ.

ಕಾರ್ಯದರ್ಶಿ: ಸರಿ, ಭಾನುವಾರ ಹತ್ತಕ್ಕೆ ಪಾರ್ಕ್‌ನಲ್ಲಿ ದೀಪದ ಅರ್ಜಿಗೆ ಸಹಿ. ಎಲ್ಲರೂ ಬನ್ನಿ.

ಕಾರ್ನರ್ ಮನೆ ಮಹಡಿ: ಪ್ರಧಾನಿ ಪತ್ರ?

ಕಾರ್ಯದರ್ಶಿ: ಮೇಷ್ಟ್ರು ಕರಡು ಮಾಡ್ಲಿ, ಮುಂದಿನ ಮೀಟಿಂಗ್‌ನಲ್ಲಿ ನೋಡೋಣ. ಪಾರ್ಕ್ ಕೀ ಯಾರ ಹತ್ರ ಇದೆ?