ಸಹಾಯ ಬೇಕು: ಹಳೇ ಉರ್ದು ಕೈಬರಹ ಓದುವವರು ಇದ್ದೀರಾ?

ಎಲ್ಲರಿಗೂ ಶರಣು. ನಮ್ಮದು ಆಳಂದ ಕಡೆಯ ಹಳ್ಳಿ, ಈಗ ಕಲಬುರಗಿಯಲ್ಲಿದ್ದೇವೆ. ನಮ್ಮ ಆಯಿಗೆ ಈಗ 86 ವರ್ಷ. 1948ರಲ್ಲಿ ರಜಾಕಾರರ (ಹೈದರಾಬಾದ್ ನಿಜಾಮರ ಪರವಿದ್ದ ಸಶಸ್ತ್ರ ಗುಂಪಿನವರ) ಹಾವಳಿ ಜಾಸ್ತಿಯಾದಾಗ ಮನೆಯವರೆಲ್ಲ ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದರಂತೆ. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ನಿಜಾಮರ ಸಂಸ್ಥಾನಕ್ಕೆ ನುಗ್ಗಿದ ‘ಪೊಲೀಸ್ ಕಾರ್ಯಾಚರಣೆ’ ಮುಗಿದ ಮೇಲೆ ವಾಪಸ್ ಬಂದರೆ ಕಾಳು ತುಂಬಿಡುವ ಹಗೇವು ಖಾಲಿ, ಎತ್ತುಗಳೂ ಇಲ್ಲ. ಆ ವರ್ಷ ಒಂದೇ ಹೊತ್ತು ಊಟ, ಅದೂ ಜೋಳದ ಅಂಬಲಿ. ಆಯಿ ಇವತ್ತಿಗೂ ತಟ್ಟೆಯಲ್ಲಿ ರೊಟ್ಟಿ ಚೂರು ಬಿಡುವುದಿಲ್ಲ.

ಆಯಿಯ ಅಪ್ಪ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಅವರು ಬರೆದ ಲೆಕ್ಕದ ಪುಸ್ತಕ ಮೊನ್ನೆ ಟ್ರಂಕಿನಲ್ಲಿ ಸಿಕ್ಕಿತು. ಸುಮಾರು 40 ಹಾಳೆ. ಸುಮ್ನೆ ಲೆಕ್ಕ ಮಾತ್ರ ಅಲ್ಲ, ನಡುವೆ ಉದ್ದುದ್ದ ಬರಹವೂ ಇದೆ. ಮನೆಯಲ್ಲಿ ಯಾರಿಗೂ ಉರ್ದು ಬರುವುದಿಲ್ಲ. ಪರಿಚಯದವರೊಬ್ಬರು ನೋಡಿದರು, ಅಕ್ಷರ ಕೂಡಿಸಿ ಬರೆದಿದ್ದರಿಂದ ಓದಲಾಗಲಿಲ್ಲ.

ಹಳೇ ಕೈಬರಹ ಓದಬಲ್ಲ ಹಿರಿಯರು, ನಿವೃತ್ತ ಮಾಸ್ತರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬೀದರ್, ಯಾದಗಿರಿ ಆದರೂ ನಾನೇ ಬರುತ್ತೇನೆ. ಅವರ ಶ್ರಮಕ್ಕೆ ಹಣ ಕೊಡುತ್ತೇನೆ. ಅಪ್ಪ ಏನು ಬರೆದಿದ್ದಾನೆ ಅಂತ ಆಯಿ ದಿನಾ ಕೇಳುತ್ತಾಳೆ. ಆಕೆ ಇರುವಾಗಲೇ ಓದಿ ಹೇಳಬೇಕು.