ಒಂದೇ ಡಾಕ್ಸ್‌ನಲ್ಲಿ ಇಡೀ ತರಗತಿ ಬರೆಯೋದು ಹೇಗೆ?

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಸಕಲೇಶಪುರ):
ನಮಸ್ಕಾರ ಸರ್. ಹೊಯ್ಸಳ ದೇವಸ್ಥಾನಗಳ ಬಗ್ಗೆ ಒಟ್ಟಿಗೆ ಬರೆಯಲಿ ಅಂತ ಒಂಬತ್ತನೇ ತರಗತಿಗೆ ಗೂಗಲ್ ಡಾಕ್ಸ್‌ನ ಒಂದು ಲಿಂಕ್ ಕೊಟ್ಟೆ. ಸ್ವಲ್ಪ ಹೊತ್ತಿಗೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ ಅರ್ಧ ಪುಟ ಮಾಯ. ಯಾರು ಅಳಿಸಿದ್ದು ಅಂತ ನೋಡಿದರೆ ಹೆಸರಿನ ಜಾಗದಲ್ಲಿ ಯಾವುದೋ ಪ್ರಾಣಿ! ಲ್ಯಾಬ್‌ನಲ್ಲಿ ಮೂರ್ನಾಲ್ಕು ಮಕ್ಕಳಿಗೆ ಒಂದೇ ಕಂಪ್ಯೂಟರ್. ಇದರ ಬದಲು ಹಾಳೆಯಲ್ಲೇ ಬರೆಸೋದು ವಾಸಿ ಅಲ್ವಾ?

ಉತ್ತರ (ಶಿಕ್ಷಕರ ತರಬೇತುದಾರ, ಹಾಸನ):
ಮೇಡಂ, ಬರೆದದ್ದು ಎಲ್ಲೂ ಹೋಗಿಲ್ಲ. ಫೈಲ್ ಮೆನುವಿನಲ್ಲಿ 'ವರ್ಷನ್ ಹಿಸ್ಟರಿ' ತೆರೆಯಿರಿ. ಹಳೆಯ ಪ್ರತಿ ಅಲ್ಲಿದೆ, 'ರೀಸ್ಟೋರ್' ಒತ್ತಿದರೆ ವಾಪಸ್ ಬರುತ್ತದೆ. ಲಾಗಿನ್ ಆಗದೆ ಲಿಂಕ್‌ನಿಂದ ಬಂದವರಿಗೆ ಗೂಗಲ್ ಪ್ರಾಣಿಗಳ ಹೆಸರು ಕೊಡುತ್ತದೆ, ಅದಕ್ಕೇ ಗುರುತು ಸಿಕ್ಕಿಲ್ಲ.

ಮೂರ್ನಾಲ್ಕು ಮಕ್ಕಳಿಗೆ ಒಂದು ಕಂಪ್ಯೂಟರ್ ಇರುವುದು ಈ ಕೆಲಸಕ್ಕೆ ಒಳ್ಳೆಯದೇ. ಒಂದು ಗುಂಪಿಗೆ ಒಂದು ಡಾಕ್ಸ್ ಮಾಡಿ. ಒಬ್ಬರು ಟೈಪ್ ಮಾಡಲಿ, ಉಳಿದವರು ವಾಕ್ಯ ಹೇಳಲಿ. ಮೊದಲ ಪೀರಿಯಡ್ ಬರೀ ಬರೆಯೋದು. ಮುಂದಿನ ಪೀರಿಯಡ್‌ಗೆ ಶೇರ್‌ನಲ್ಲಿ 'ಎಡಿಟರ್' ತೆಗೆದು 'ಕಾಮೆಂಟರ್' ಮಾಡಿ, ಪಕ್ಕದ ಗುಂಪಿಗೆ ಲಿಂಕ್ ಕೊಡಿ. ಅವರು ಓದಬಹುದು, ಕೇಳಬಹುದು, ಅಳಿಸಲು ಆಗುವುದಿಲ್ಲ. ಕಾಮೆಂಟ್ ಶುರುವಿನಲ್ಲಿ ಗುಂಪಿನ ಹೆಸರು ಬರೆಸಿ.

ನಿಜವಾದ ಕಲಿಕೆ ಇರುವುದು ಈ ಕಾಮೆಂಟ್‌ಗಳಲ್ಲೇ. 'ಬೇಲೂರು ದೇವಸ್ಥಾನ ತುಂಬಾ ಚೆನ್ನಾಗಿದೆ' ಅಂತ ಒಂದು ಗುಂಪು ಬರೆದಿರುತ್ತದೆ ಅಂದುಕೊಳ್ಳಿ. ಪಕ್ಕದವರು 'ಏನು ಚೆನ್ನಾಗಿದೆ? ಎಲ್ಲಿ ನೋಡಿದ್ರಿ?' ಅಂತ ಕೇಳುತ್ತಾರೆ. ಆಗ ಅದೇ ವಾಕ್ಯ 'ಹೊರಗೋಡೆಯ ಕೆಳಗಿನ ಸಾಲಿನಲ್ಲಿ ಸುತ್ತಲೂ ಆನೆಗಳಿವೆ' ಅಂತಾಗುತ್ತದೆ. ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ ಅಂತ ಬರೆದರೆ, ಯಾವ ಪುಸ್ತಕದಲ್ಲಿದೆ ಅಂತಲೂ ಕೇಳಲಿ. ತಿದ್ದುವ ಹೊತ್ತಿಗೆ ಮತ್ತೆ 'ಎಡಿಟರ್' ಮಾಡಿಕೊಡಿ.

ಹಾಳೆಯಲ್ಲಿ ನಮ್ಮ ಕೈಗೆ ಬರುವುದು ಕೊನೆಯ ಪ್ರತಿ ಮಾತ್ರ. ಇಲ್ಲಿ ಮೊದಲ ವಾಕ್ಯವೂ ತಿದ್ದಿದ ವಾಕ್ಯವೂ ಎರಡೂ ಕಾಣುತ್ತವೆ. ಅಂಕ ಕೊಡುವಾಗ ಈ ಬದಲಾವಣೆಗೆ ಜಾಸ್ತಿ ಬೆಲೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಬಣ್ಣ, ಫಾಂಟ್ ಎಲ್ಲ ಆಮೇಲೆ.

ಪ್ರಶ್ನೆ (ಶಿಕ್ಷಕ, ಮೂಡಿಗೆರೆ):
ಸರ್, ನಮ್ಮ ಮಕ್ಕಳಿಗೆ ಕನ್ನಡ ಟೈಪಿಂಗ್ ಬರಲ್ಲ. ನಾನು ಕನ್ನಡ ಟೈಪಿಂಗ್‌ನ 'ನುಡಿ' ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲ್‌ನಿಂದ ಪೇಸ್ಟ್ ಮಾಡಿದರೆ ಅಕ್ಷರ ಎಲ್ಲಾ ಚಿತ್ರವಿಚಿತ್ರ. ಮಳೆಗಾಲದಲ್ಲಿ ನೆಟ್ ಅಂತೂ ಕೇಳೋದೇ ಬೇಡ.

ಉತ್ತರ:
ಅದು ಹಳೆಯ ಫಾಂಟ್‌ನ ತೊಂದರೆ ಸರ್. ಆ ಫೈಲನ್ನು ಯೂನಿಕೋಡ್‌ಗೆ (ಈಗ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಾಯಿಸಿ ಪೇಸ್ಟ್ ಮಾಡಿ. ಮಕ್ಕಳಿಗೆ ಕ್ರೋಮ್‌ನಲ್ಲಿ ಟೂಲ್ಸ್ ಮೆನುವಿನ 'ವಾಯ್ಸ್ ಟೈಪಿಂಗ್' ತೋರಿಸಿ, ಭಾಷೆ ಕನ್ನಡ ಇಡಿ. ಹೇಳಿದ್ದು ಅಕ್ಷರವಾಗುತ್ತದೆ. ಒತ್ತಕ್ಷರ ತಪ್ಪಾಗಬಹುದು, ಅದನ್ನು ಅವರೇ ಹುಡುಕಿ ತಿದ್ದಲಿ. ಒಳ್ಳೆಯ ಕಾಗುಣಿತ ಪಾಠವೇ ಆಗುತ್ತದೆ. ಆದರೆ ಇದಕ್ಕೆ ನೆಟ್ ಇರಲೇಬೇಕು.

ನೆಟ್ ಇರುವ ದಿನವೇ ಗೂಗಲ್ ಖಾತೆಗೆ ಲಾಗಿನ್ ಆಗಿ ಡಾಕ್ಸ್‌ನ 'ಆಫ್‌ಲೈನ್' ಆನ್ ಮಾಡಿಡಿ. ನೆಟ್ ಹೋದಾಗಲೂ ಟೈಪ್ ಮಾಡಬಹುದು, ಬಂದಾಗ ತಾನೇ ಸೇರಿಕೊಳ್ಳುತ್ತದೆ. ಅಂಥ ದಿನ ಮಾತ್ರ ಒಂದು ಫೈಲ್ ಒಂದೇ ಕಂಪ್ಯೂಟರ್‌ನಲ್ಲಿರಲಿ.