ಅಪ್‌ಡೇಟ್: ನ್ಯಾಟ್ ಮಾಡೆಲ್‌ನ ಬೆಳ್ಳಗಾದ ಕ್ಯಾನೊಪಿ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, 1/72 ಅಳತೆಯ ನ್ಯಾಟ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್‌ಗೆ ಇನ್‌ಸ್ಟಂಟ್ ಗ್ಲೂನಿಂದ ಕ್ಯಾನೊಪಿ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಅಂಟಿಸಿದ ಮೇಲೆ ಒಳಗೆಲ್ಲ ಬಿಳಿ ಮಂಜು ಕವಿದಿದೆ ಅಂತ? 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ವಾಯುಪಡೆಯ ಪೈಲಟ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ ನ್ಯಾಟ್‌ನ ಮಾಡೆಲ್ ಅದು. ಅದನ್ನು ನಿಲ್ಲಿಸುವ ರನ್‌ವೇ ಡಯೋರಾಮಾ (ಪುಟ್ಟ ದೃಶ್ಯದ ಮಾದರಿ) ಪೂರ್ತಿ ಸಿದ್ಧವಾಗಿತ್ತು, ಅದಕ್ಕೇ ಹೊಟ್ಟೆ ಉರಿದಿದ್ದು.

ನೇಲ್ ಪಾಲಿಶ್ ರಿಮೂವರ್ ಹಚ್ಚಿ ಅಂದವರೇ, ದಯವಿಟ್ಟು ಬೇರೆ ಯಾರಿಗೂ ಹೇಳಬೇಡಿ! ಪುಣ್ಯಕ್ಕೆ ಮೊದಲು ಕಿಟ್‌ನ ಬೇಡದ ತುಂಡಿನ ಮೇಲೆ ನೋಡಿದೆ. ಅಸಿಟೋನ್ ತಾಗಿದ್ದೇ ಪ್ಲಾಸ್ಟಿಕ್ ಕರಗಿ ಅಂಟಂಟಾಯಿತು. ಟೂತ್‌ಪೇಸ್ಟ್ ಪರವಾಗಿಲ್ಲ. ಬ್ಲೇಡಿನ ತುದಿಯಿಂದ ಕ್ಯಾನೊಪಿ ಮೆಲ್ಲಗೆ ಎಬ್ಬಿಸಿ ಒಳಗೆ ಉಜ್ಜಿದೆ. ಮಂಜು ಹೋಯಿತು, ಸಣ್ಣ ಗೀರು ಉಳಿದವು.

ಕೆಲಸ ಮಾಡಿದ್ದು ಕ್ಲಿಯರ್ ಅಕ್ರಿಲಿಕ್ ಗ್ಲಾಸ್ ವಾರ್ನಿಷ್‌ನಲ್ಲಿ ಅದ್ದುವ ಸಲಹೆ. ಅದ್ದಿ, ಟಿಶ್ಯೂ ಪೇಪರ್ ಅಂಚಿಗೆ ತಾಗಿಸಿ ಹೆಚ್ಚಿನದನ್ನು ಹೀರಿಸಿ, ಧೂಳು ಬೀಳದಂತೆ ಡಬ್ಬಿ ಮುಚ್ಚಿ ಒಂದು ದಿನ ಬಿಟ್ಟೆ. ಗೀರೇ ಕಾಣುತ್ತಿಲ್ಲ! ಈ ಸಲ ಅಂಟಿಸಿದ್ದು ಫೆವಿಕಾಲ್‌ನಿಂದ. ಒಣಗಿದರೆ ಪಾರದರ್ಶಕ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಒಂದು ತಮಾಷೆ. ಆ ಬಿಳಿ ಮಂಜಿನಲ್ಲಿ ನನ್ನ ಹೆಬ್ಬೆರಳ ಗುರುತು ಗೆರೆ ಗೆರೆಯಾಗಿ ಎದ್ದಿತ್ತು. ಆಮೇಲೆ ಗೊತ್ತಾಯಿತು, ಪೊಲೀಸರು ಬೆರಳಚ್ಚು ಹುಡುಕಲು ಇದೇ ಇನ್‌ಸ್ಟಂಟ್ ಗ್ಲೂನ ಆವಿ ಬಳಸುತ್ತಾರಂತೆ. ಸುಮಾರು 12 ಸೆಂ.ಮೀ. ವಿಮಾನ, ಕಳ್ಳ ನಾನೇ.